ಹಳೆ ಅಂಬಾಸಿಡರ್‌ಗೆ ಯಾವ ಪೆಟ್ರೋಲ್ ಪೈಪ್, ಯಾವ ವ್ಯಾಕ್ಯೂಮ್ ಹೋಸ್?

ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರು ಈಚೆಗೆ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ ಬರುತ್ತದೆ. ಪೈಪ್ ಎಲ್ಲ ಬದಲಾಯಿಸಬೇಕು ಅಂತ ಮೆಕ್ಯಾನಿಕ್ ಹೇಳಿದ್ದಾರೆ. ಒಬ್ಬರು ಕಾಪರ್ ಹಾಕಿಸಿ ಅಂತಾರೆ. ಇನ್ನೊಬ್ಬರು ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೂ ಒಂದೇ ರಬ್ಬರ್ ಹೋಸ್ ಎಳೆದುಬಿಡಿ ಅಂತಾರೆ. ಇಂಟರ್‌ನೆಟ್‌ನಲ್ಲಿ ನೋಡಿದರೆ ನೀಲಿ ಸಿಲಿಕಾನ್ ಹೋಸ್, ಸ್ಟೀಲ್ ಜಾಲರಿಯ ಹೋಸ್, ಬೇಕಾದ ಬಣ್ಣ. ಯಾವುದನ್ನು ಹಾಕಿಸೋದು?

ಇಲ್ಲಿ ನಾನು ಮುಖ್ಯವಾಗಿ 1489 ಸಿಸಿ ಬಿ-ಸೀರೀಸ್ ಪೆಟ್ರೋಲ್ ಎಂಜಿನ್ನಿನ ಅಂಬಾಸಿಡರ್ ಇಟ್ಟುಕೊಂಡು ಮಾತಾಡುತ್ತೇನೆ. 1089 ಸಿಸಿಯ ಪದ್ಮಿನಿಗೂ, ಹೆರಾಲ್ಡ್‌ಗೂ, ಕಾರ್ಬುರೇಟರ್ ಇರುವ ಬೇರೆ ಯಾವ ಹಳೆ ಗಾಡಿಗೂ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ಫ್ಯೂಯೆಲ್ ಇಂಜೆಕ್ಷನ್ ಗಾಡಿಗೆ ಮಾತ್ರ ಇದು ಅನ್ವಯಿಸಲ್ಲ. ಅಲ್ಲಿ ಒತ್ತಡವೇ ಬೇರೆ.

ಮೊದಲು ಏನು ನೋಡಬೇಕು

ನಂಬರ್ ಒನ್, ಎಥನಾಲ್. 2023ರ ಫೆಬ್ರವರಿ 6ರಂದು ಇ20, ಅಂದರೆ ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲ್‌ಗೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಈಗ ಮಾಮೂಲಿ ಬಂಕಿನಲ್ಲಿ ಸಿಗುವುದು ಅದೇ. ಅದರಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ ಕಬ್ಬಿನ ಪಾಲೂ ಇದೆ. ರೈತರಿಗೆ ಒಳ್ಳೆಯದೇ, ಆದರೆ ಹಳೆ ರಬ್ಬರ್‌ಗೆ ಅಲ್ಲ. ಎಥನಾಲ್ ಸೇರಿದ ಪೆಟ್ರೋಲ್‌ನಲ್ಲಿ ಸಾದಾ ನೈಟ್ರೈಲ್ ರಬ್ಬರ್ ಮೊದಲು ಊದಿಕೊಂಡು ಮೆತ್ತಗಾಗುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತು ಹೋಸ್ ಒಣಗಿದರೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಲೋಹದ ಪೈಪ್ ಒಳಗಿನಿಂದ ತುಕ್ಕು ಹಿಡಿಯುವ ಭಯವೂ ಇದೆ.

ಎರಡನೆಯದು ಬಿಸಿ ಮತ್ತು ಅದುರು. ಬಿ-ಸೀರೀಸ್‌ನಲ್ಲಿ ಇನ್‌ಲೆಟ್, ಎಗ್ಸಾಸ್ಟ್ ಎರಡೂ ಎಂಜಿನ್ನಿನ ಒಂದೇ ಪಕ್ಕದಲ್ಲಿವೆ. ಕಾರ್ಬುರೇಟರ್‌ನಿಂದ ತೊಟ್ಟಿಕ್ಕುವ ಪೆಟ್ರೋಲ್ ಬೀಳುವುದು ಕಾದ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ. ಹಾಗಾಗಿ ಇದು ಬರೀ ಮೈಲೇಜಿನ ವಿಷಯ ಅಲ್ಲ. ಬೆಂಕಿಯ ವಿಷಯ.

ಆಮೇಲೆ ನಿಮ್ಮ ಊರು ಮತ್ತು ನಿಮ್ಮ ಓಡಾಟ. ಕಾರವಾರ, ಉಡುಪಿಯ ಉಪ್ಪು ಗಾಳಿಗೆ ಸೂಕ್ತವಾದ ಪೈಪ್ ಕಲಬುರಗಿಯಲ್ಲಿ ದಂಡ ಅನ್ನಿಸಬಹುದು. ದಿನಾ ಓಡುವ ಗಾಡಿಗೂ, ಶೆಡ್‌ನಲ್ಲಿ ನಿಂತು ವರ್ಷಕ್ಕೆ ಎರಡು ರ‍್ಯಾಲಿಗೆ ಹೊರಡುವ ಗಾಡಿಗೂ ಬೇಕಾದ್ದು ಬೇರೆ. ಕೊನೆಗೆ ಅಸಲಿತನ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ 'ವಿಎ' ಅಕ್ಷರದ ವಿಂಟೇಜ್ ನಂಬರ್ ಪಡೆಯುವ ಯೋಚನೆ ಇದ್ದರೆ, ಗಾಡಿ ಮೂಲ ರೂಪದಲ್ಲೇ ಇರಬೇಕು. ಒಂದು ಹೋಸ್ ಬದಲಾಯಿಸಿದ್ದಕ್ಕೆ ಯಾರೂ ತಕರಾರು ಮಾಡಲ್ಲ. ಆದರೆ ಕೆಂಪು, ನೀಲಿ ಹೋಸ್‌ಗಳ ಜಾತ್ರೆ ಮಾಡಿದರೆ ಪ್ರದರ್ಶನದಲ್ಲಿ ಅಂಕ ಹೋಗುತ್ತದೆ.

ದುಡ್ಡಿನ ಮಾತು ಕೊನೆಗೆ ಇಟ್ಟಿದ್ದಕ್ಕೆ ಕಾರಣ ಇದೆ. ಈ ಗಾಡಿಗಳಲ್ಲಿ ಪೆಟ್ರೋಲ್ ಸಾಗುವ ದಾರಿಯ ಬಹುಪಾಲು ಲೋಹದ ಪೈಪ್. ರಬ್ಬರ್ ಇರುವುದು ಟ್ಯಾಂಕಿನ ಹತ್ತಿರ, ಪಂಪಿನ ಆಚೆ ಈಚೆ, ಕಾರ್ಬುರೇಟರ್ ಬಾಯಿಗೆ. ಎಲ್ಲ ಸೇರಿಸಿದರೂ ಒಂದೆರಡು ಮೀಟರ್. ಅಷ್ಟು ಹೋಸ್ ಅತ್ಯುತ್ತಮ ದರ್ಜೆಯದ್ದೇ ತಂದರೂ ಅಂಬಾಸಿಡರ್ ಟ್ಯಾಂಕ್ ಒಮ್ಮೆ ಫುಲ್ ಮಾಡಿಸುವ ದುಡ್ಡಿಗಿಂತ ಕಡಿಮೆ. ಚೌಕಾಸಿ ಮಾಡೋದಿದ್ದರೆ ಬೇರೆ ಕಡೆ ಮಾಡಿ.

ಪೆಟ್ರೋಲ್ ಹೋಸ್: ಮೇಲೆ ಏನು ಅಚ್ಚಾಗಿದೆ ನೋಡಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ನಿಮ್ಮೂರ ಸ್ಪೇರ್ಸ್ ಅಂಗಡಿಯಲ್ಲಾಗಲಿ 'ಪೆಟ್ರೋಲ್ ಪೈಪ್ ಕೊಡಿ' ಅಂದರೆ ಕಪ್ಪು ಹೋಸ್ ಕತ್ತರಿಸಿ ಕೊಡುತ್ತಾರೆ. ನೋಡಲು ಎಲ್ಲ ಒಂದೇ ಥರ. ವ್ಯತ್ಯಾಸ ಇರುವುದು ಒಳಪದರದಲ್ಲಿ. ಅದನ್ನು ತಿಳಿಯುವ ದಾರಿ ಮೇಲಿನ ಅಚ್ಚು.

ವಾಹನ ಎಂಜಿನಿಯರ್‌ಗಳ ಸಂಘ ಎಸ್‌ಎಇ ಮಾಡಿದ ಜೆ30 ಅನ್ನುವ ಮಾನದಂಡದಲ್ಲಿ ಕೆಲವು ದರ್ಜೆಗಳಿವೆ. ಆರ್6, ಆರ್7 ಅಂದರೆ ಕಾರ್ಬುರೇಟರ್ ಗಾಡಿಗೆ ಸಾಕಾಗುವ ಕಡಿಮೆ ಒತ್ತಡದ ನೈಟ್ರೈಲ್ ಜಾತಿಯ ಹೋಸ್. ಆರ್9 ಅಂದರೆ ಒಳಗೆ ಫ್ಲೋರೋಎಲಾಸ್ಟೊಮರ್ ಅನ್ನುವ ವಿಶೇಷ ರಬ್ಬರಿನ ಪದರ ಇರುವುದು. ವೈಟಾನ್ ಅಂತ ಮೆಕ್ಯಾನಿಕ್‌ಗಳು ಕರೆಯುವುದು ಇದೇ ಜಾತಿಯನ್ನು. ಮೆಕ್ಯಾನಿಕಲ್ ಪಂಪಿನ ಒತ್ತಡ ಬರೀ 2ರಿಂದ 5 ಪಿಎಸ್‌ಐ. ಆರ್7 ತಡೆಯುವುದು 50 ಪಿಎಸ್‌ಐ. ಒತ್ತಡದ ಲೆಕ್ಕದಲ್ಲಿ ಆರ್9 ಅನಗತ್ಯ ಅಂತ ವಾದಿಸುವವರು ಇದನ್ನೇ ಹೇಳುತ್ತಾರೆ. ಅವರ ಲೆಕ್ಕ ತಪ್ಪಲ್ಲ, ಅಳೆಯುತ್ತಿರುವುದು ತಪ್ಪು ವಿಷಯ. ನಮಗೆ ಬೇಕಾಗಿರುವುದು ಒತ್ತಡ ತಡೆಯುವ ಶಕ್ತಿ ಅಲ್ಲ, ಎಥನಾಲ್ ತಡೆಯುವ ಶಕ್ತಿ. ಹೋಸಿನ ಗೋಡೆಯ ಮೂಲಕ ಪೆಟ್ರೋಲ್ ಆವಿ ಎಷ್ಟು ಸೋರಬಹುದು ಅನ್ನುವ ಮಿತಿ ಆರ್7ಗೆ ಚದರ ಮೀಟರಿಗೆ ದಿನಕ್ಕೆ 550 ಗ್ರಾಂ. ಆರ್9ಗೆ 15 ಗ್ರಾಂ. ಶೆಡ್‌ನಲ್ಲಿ ನಿಂತ ಗಾಡಿಯಿಂದ, ಎಲ್ಲೂ ಲೀಕ್ ಕಾಣದಿದ್ದರೂ, ಪೆಟ್ರೋಲ್ ವಾಸನೆ ಬರುವುದಕ್ಕೆ ಬಹಳ ಸಲ ಇದೇ ಕಾರಣ.

ಆರ್9ಗೂ ಕಿರಿಕಿರಿ ಇದೆ. ಗಟ್ಟಿ, ಚಿಕ್ಕ ತಿರುವಿನಲ್ಲಿ ಬಗ್ಗಲ್ಲ. ಒಳಪದರ ತೆಳು, ಚೂಪು ಅಂಚಿನ ಪೈಪ್ ಬಾಯಿಗೆ ತಿರುಚಿ ತಿರುಚಿ ತೂರಿಸಿದರೆ ಹರಿಯುತ್ತದೆ. ಹರಿದ ಚೂರು ಹೋಗಿ ಕೂರುವುದು ಕಾರ್ಬುರೇಟರ್ ನೀಡಲ್ ವಾಲ್ವಿನಲ್ಲಿ. ಪೈಪಿನ ಬಾಯಿಯನ್ನು ಅರದಿಂದ ನಯ ಮಾಡಿ, ಒಂದು ಹನಿ ಎಣ್ಣೆ ಸವರಿ, ನೇರವಾಗಿ ತಳ್ಳಿ. ಟ್ಯಾಂಕಿನ ಒಳಗೆ ಮುಳುಗಿರುವ ತುಂಡಿಗೆ ಮಾತ್ರ ಆರ್9 ಹಾಕಬೇಡಿ. ಅದರ ಹೊರಪದರ ಪೆಟ್ರೋಲ್‌ನಲ್ಲಿ ಮುಳುಗಿರಲು ಮಾಡಿದ್ದಲ್ಲ. ಅದಕ್ಕೆ ಆರ್10 ಅನ್ನುವುದು ಬೇರೆ ಇದೆ.

ಅಚ್ಚನ್ನು ಯಾರು ಬೇಕಾದರೂ ಹೊಡೆಯಬಹುದಲ್ವಾ? ಹೌದು. ಅನುಮಾನ ಇದ್ದರೆ ಎರಡು ಇಂಚು ಹೋಸ್ ಕತ್ತರಿಸಿ. ವರ್ನಿಯರ್‌ನಲ್ಲಿ ದಪ್ಪ ಅಳೆದು ಬರೆದಿಡಿ. ಮುಚ್ಚಳ ಇರುವ ಗಾಜಿನ ಬಾಟಲಿಯಲ್ಲಿ ಬಂಕಿನ ಪೆಟ್ರೋಲ್ ಹಾಕಿ, ತುಂಡನ್ನು ಅದರಲ್ಲಿ ಎರಡು ವಾರ ಬಿಡಿ, ಅಡುಗೆಮನೆಯಿಂದ ದೂರ. ಊದಿದೆಯಾ, ಪೆಟ್ರೋಲ್ ಕಪ್ಪಗಾಗಿದೆಯಾ, ಒಣಗಿಸಿ ಬಗ್ಗಿಸಿದರೆ ಬಿರುಕು ಬಿಡುತ್ತದಾ ನೋಡಿ. ಅಚ್ಚೇ ಇಲ್ಲದ ಹೋಸ್ ಆದರೆ ಇಷ್ಟು ಕಷ್ಟವೂ ಬೇಡ, ಅಂಗಡಿಯಲ್ಲೇ ಬಿಟ್ಟುಬನ್ನಿ.

ಉಳಿದ ಆಯ್ಕೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪಾರದರ್ಶಕ ಪಿವಿಸಿ ಟ್ಯೂಬ್‌ನಲ್ಲಿ ಪೆಟ್ರೋಲ್ ಹರಿಯುವುದು ಚೆನ್ನಾಗಿ ಕಾಣುತ್ತದೆ, ಕೆಲವೇ ತಿಂಗಳಲ್ಲಿ ಹಳದಿಯಾಗಿ ಕಡ್ಡಿಯಂತಾಗಿ ಜಾರಿ ಬೀಳುತ್ತದೆ. ಕಂಪ್ರೆಸರ್ ಅಂಗಡಿಯ ನೀಲಿ ಪಿಯು ಟ್ಯೂಬ್ ಗಾಳಿಗೆ ಮಾಡಿದ್ದು. ಅದರ ಒತ್ತಿ ಸಿಕ್ಕಿಸುವ ಕನೆಕ್ಟರ್ ಒಳಗಿನ ಓ-ರಿಂಗೂ ಸಾಮಾನ್ಯವಾಗಿ ಸಾದಾ ನೈಟ್ರೈಲ್. ಸಿಲಿಕಾನ್ ಹೋಸ್ ಪೆಟ್ರೋಲ್‌ಗೆ ಬೇಡವೇ ಬೇಡ. ಊದುತ್ತದೆ, ಆವಿ ಸಲೀಸಾಗಿ ಹೊರಬರುತ್ತದೆ. ಮೇಲೆ ಬಟ್ಟೆಯ ನೇಯ್ಗೆ ಇರುವ ಜರ್ಮನ್ ಶೈಲಿಯ ಹೋಸ್ ಹಳೆ ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಅಸಲಿ ನೋಟ ಕೊಡುತ್ತದೆ ನಿಜ, ಆದರೆ ಒಳಗಿನ ಬಿರುಕು ಬಟ್ಟೆಯ ಕೆಳಗೆ ಕಾಣುವುದೇ ಇಲ್ಲ. ಸ್ಟೀಲ್ ಜಾಲರಿಯ ಹೋಸಿನದೂ ಅದೇ ಕಥೆ. ಹೊರಗೆ ಥಳಥಳ, ಒಳಗೆ ಸಾದಾ ರಬ್ಬರ್ ಇರಬಹುದು. ಹಾಕಲೇಬೇಕು ಅಂದರೆ ಒಳಗೆ ಪಿಟಿಎಫ್‌ಇ (ಟೆಫ್ಲಾನ್) ಇರುವುದನ್ನು ಕೇಳಿ ತನ್ನಿ. ಜಾಲರಿ ಪಕ್ಕದ ವೈರನ್ನು ಉಜ್ಜಿ ಕೊಯ್ಯದಂತೆ ಕಟ್ಟಿ.

ಕೆಳಗಿನ ಉದ್ದ ಪೈಪ್: ಇಲ್ಲಿ ಯೋಚನೆ ಮಾಡಬೇಕು

ಹೋಸಿನಲ್ಲಿ ಉತ್ತರ ಸುಲಭ. ಟ್ಯಾಂಕಿನಿಂದ ಮುಂದಕ್ಕೆ ಬರುವ ಲೋಹದ ಪೈಪಿನಲ್ಲಿ ಹಾಗಲ್ಲ.

ಮೊದಲ ಆಯ್ಕೆ, ಇರುವುದನ್ನೇ ಉಳಿಸಿಕೊಳ್ಳುವುದು. ಎಷ್ಟೋ ಗ್ಯಾರೇಜ್‌ಗಳಲ್ಲಿ ಇದನ್ನು ಯೋಚಿಸುವುದೇ ಇಲ್ಲ. ಕಂಪನಿಯ ಸ್ಟೀಲ್ ಪೈಪ್ ಹೊರಗಿನಿಂದ ಕೆಸರು ಮೆತ್ತಿಕೊಂಡಿದ್ದರೂ ಒಳಗೆ ಚೆನ್ನಾಗಿರಬಹುದು. ಎರಡೂ ತುದಿ ಬಿಚ್ಚಿ, ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಕಂಪ್ರೆಸರ್ ಗಾಳಿ ಬಿಡಿ. ತಂತಿ ಬ್ರಶ್‌ನಿಂದ ಹೊರಗೆ ಉಜ್ಜಿ. ಕ್ಲಿಪ್ ಕೂತ ಜಾಗಗಳನ್ನು ವಿಶೇಷವಾಗಿ ನೋಡಿ, ನೀರು ನಿಂತು ತುಕ್ಕು ತಿನ್ನುವುದು ಅಲ್ಲೇ. ಒಂದು ತುದಿ ಮುಚ್ಚಿ, ಇನ್ನೊಂದರಿಂದ ಸೈಕಲ್ ಪಂಪಿನಲ್ಲಿ 10 ಪಿಎಸ್‌ಐ ಗಾಳಿ ತುಂಬಿ ಸೋಪಿನ ನೀರು ಸವರಿ. ಗುಳ್ಳೆ ಇಲ್ಲ, ಗುಳಿ ಬಿದ್ದ ತುಕ್ಕೂ ಇಲ್ಲ ಅಂದರೆ ಬಣ್ಣ ಹೊಡೆದು ವಾಪಸ್ ಹಾಕಿ. ಖರ್ಚು ಸೊನ್ನೆ, ಅಸಲಿತನ ನೂರಕ್ಕೆ ನೂರು.

ಹೊಸದೇ ಬೇಕಾದರೆ ಹೆಚ್ಚು ಜನ ಹೋಗುವುದು ಕಾಪರ್‌ಗೆ. ಎ.ಸಿ. ರಿಪೇರಿ ಸಾಮಾನಿನ ಅಂಗಡಿಯಲ್ಲಿ ಸುರುಳಿ ಸುರುಳಿ ಸಿಗುತ್ತದೆ. ಕೈಯಲ್ಲೇ ಬಗ್ಗುತ್ತದೆ, ಬಾಯಿ ಅಗಲಿಸುವ ಟೂಲ್ ಎಲ್ಲರ ಹತ್ತಿರ ಇರುತ್ತದೆ. ಆದರೆ ಕಾಪರ್ ಅದುರುತ್ತಾ ಅದುರುತ್ತಾ ಗಡುಸಾಗುತ್ತದೆ. ಒಂದು ದಿನ ನಟ್ ಪಕ್ಕದಲ್ಲಿ ಬಿರುಕು ಬಿಡುತ್ತದೆ. ಇನ್ನೊಂದು ತೊಂದರೆ ಯಾರೂ ಹೇಳಲ್ಲ: ತಾಮ್ರದ ಜೊತೆ ಪೆಟ್ರೋಲ್ ನಿಂತಿದ್ದರೆ ಬೇಗ ಅಂಟು ಕಟ್ಟುತ್ತದೆ. ದಿನಾ ಓಡುವ ಗಾಡಿಯಲ್ಲಿ ಪೆಟ್ರೋಲ್ ಹರಿಯುತ್ತಲೇ ಇರುವುದರಿಂದ ಗೊತ್ತಾಗಲ್ಲ. ಆರು ತಿಂಗಳು ಕವರ್ ಹಾಕಿ ನಿಲ್ಲಿಸುವ ಗಾಡಿಗೆ ಇದು ಒಳ್ಳೆಯ ಆಯ್ಕೆ ಅಲ್ಲ. ಕಾಪರ್ ಹಾಕುವುದಾದರೆ ಸುಮಾರು ಒಂದಡಿಗೊಂದು ರಬ್ಬರ್ ಒಳಪದರದ ಕ್ಲಿಪ್ ಹಾಕಿ. ಬಾಡಿಯಿಂದ ಎಂಜಿನ್ನಿಗೆ ಹಾರುವ ಜಾಗದಲ್ಲಿ ತಾಮ್ರ ಬೇಡ. ಎಂಜಿನ್ ಕುಣಿಯುತ್ತದೆ, ಬಾಡಿ ಕುಣಿಯಲ್ಲ. ಆ ನಡುವಿನ ಅರ್ಧ ಅಡಿ ಹೋಸಿಗೇ ಬಿಡಿ.

ನಿಕಲ್ ಸೇರಿದ ತಾಮ್ರ, ಅಂದರೆ 90 ಭಾಗ ತಾಮ್ರ 10 ಭಾಗ ನಿಕಲ್ ಇರುವ ಕುನಿಫರ್ ಪೈಪ್, ನನಗೆ ಎಲ್ಲಕ್ಕಿಂತ ಇಷ್ಟ. ಬ್ರಿಟನ್ನಿನಲ್ಲಿ ಹಳೆ ಗಾಡಿ ಕಟ್ಟುವವರು ಬ್ರೇಕ್ ಪೈಪಿಗೂ ಇದನ್ನೇ ಹಾಕುತ್ತಾರೆ. ಕಾಪರ್‌ನಷ್ಟೇ ಸುಲಭವಾಗಿ ಬಗ್ಗುತ್ತದೆ ಅನ್ನಬಹುದು. ಅದುರಿಗೆ ಅಷ್ಟು ಬೇಗ ಬಿರಿಯಲ್ಲ, ತುಕ್ಕಿನ ಮಾತೇ ಇಲ್ಲ. ತೊಂದರೆ ಇರುವುದು ಸಿಗುವುದರಲ್ಲಿ. ಅಂಗಡಿಗೆ ಹೋಗಿ ಕೇಳಿದರೆ ಬಹುಪಾಲು ಬ್ರೇಕಿನ 3/16 ಇಂಚಿನದ್ದೇ ತೋರಿಸುತ್ತಾರೆ. ನಮಗೆ ಬೇಕಾದ 5/16 ಇಂಚಿನದ್ದನ್ನು ತರಿಸಬೇಕು. ಬೆಲೆ ಕಾಪರ್‌ಗಿಂತ ಜಾಸ್ತಿ.

ಸ್ಟೇನ್‌ಲೆಸ್ ಸ್ಟೀಲ್ ಕೇಳಲು ಚೆನ್ನ. ಕರಾವಳಿಯವರಿಗೆ, ಗಾಡಿಯನ್ನು ಪೂರ್ತಿ ಬಿಚ್ಚಿ ಬಾಡಿ ಎತ್ತಿ ಕೆಲಸ ಮಾಡಿಸುತ್ತಿರುವವರಿಗೆ ಇದು ಸರಿಯಾದ ಆಯ್ಕೆ. ಆದರೆ ಒಳ್ಳೆಯ ಬೆಂಡರ್ ಇಲ್ಲದೆ ಬಗ್ಗಲ್ಲ. ಗಾಡಿ ಕೆಳಗೆ ಮಲಗಿಕೊಂಡು ಸರಿ ಮಾಡುತ್ತೇನೆ ಅನ್ನುವುದು ಕನಸು. ಬಾಯಿ ಅಗಲಿಸುವಾಗ ಸಣ್ಣ ಬಿರುಕು ಬರುತ್ತದೆ. ಗಡುಸು ಲೋಹ ಆದ್ದರಿಂದ ಜೋಡಣೆಯಲ್ಲಿ ಸರಿಯಾಗಿ ಕೂರದೆ ಒಸರುತ್ತದೆ. ಕೆಲಸಗಾರ ಗಟ್ಟಿಗ ಆಗಿದ್ದರೆ ಮಾತ್ರ.

ಸಾದಾ ಸ್ಟೀಲ್ ಹೊಸ ಪೈಪ್ ಅಸಲಿ ನೋಟಕ್ಕೆ ಹತ್ತಿರ, ಗಟ್ಟಿ. ಮೇಲ್ಲೇಪ ಚೆನ್ನಾಗಿರಬೇಕು, ಇಲ್ಲದಿದ್ದರೆ ಮಲೆನಾಡಿನ ಮಳೆಗಾಲಗಳು ತಿಂದು ಹಾಕುತ್ತವೆ. ನೈಲಾನ್ 12 ಪೈಪ್ ಹೊಸ ಕಾಲದ ಗಾಡಿಗಳಲ್ಲಿ ಚೆನ್ನಾಗೇ ಕೆಲಸ ಮಾಡುತ್ತಿದೆ, ಎಥನಾಲ್‌ಗೂ ಜಗ್ಗಲ್ಲ. ಸೈಲೆನ್ಸರ್ ಪೈಪಿನ ಹತ್ತಿರ ಮಾತ್ರ ಹೋಗಬಾರದು. ಹಳೆ ಗಾಡಿಯಲ್ಲಿ ಅದು ಎದ್ದು ಕಾಣುತ್ತದೆ ಅನ್ನುವುದು ನನ್ನ ತಕರಾರು, ನಿಮ್ಮದು ಆಗಬೇಕಿಲ್ಲ.

ಪೂರ್ತಿ ಉದ್ದಕ್ಕೂ ರಬ್ಬರ್ ಹೋಸ್ ಎಳೆಯುವ ಸಲಹೆಯನ್ನು ಮಾತ್ರ ಒಪ್ಪಬೇಡಿ. ರಸ್ತೆಯ ಕಲ್ಲು ತಾಗುತ್ತದೆ, ಇಲಿ ಕಡಿಯುತ್ತದೆ, ಜೋತು ಬಿದ್ದು ಎಗ್ಸಾಸ್ಟ್‌ಗೆ ಅಂಟುತ್ತದೆ.

ಯಾವ ಲೋಹ ಹಾಕಿದರೂ ದಾರಿ ಮುಖ್ಯ. ಶಿರಾಡಿ, ಚಾರ್ಮಾಡಿ ಹತ್ತುವಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ನಿಂತ ಪದ್ಮಿನಿಗಳನ್ನು ನೋಡಿದವರಿಗೆ ಗೊತ್ತು. ಪೈಪಿನಲ್ಲೇ ಪೆಟ್ರೋಲ್ ಕುದಿದು ಆವಿಯಾದರೆ ಪಂಪ್ ಎಳೆಯಲ್ಲ. ಹೊಸ ಪೈಪ್ ಹಾಕುವಾಗ ಎಗ್ಸಾಸ್ಟ್‌ನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಒಯ್ಯಿರಿ. ಎಲ್ಲೂ ಕಮಾನಿನಂತೆ ಎತ್ತರಕ್ಕೆ ಏರಿಸಿ ಇಳಿಸಬೇಡಿ, ಆವಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ವ್ಯಾಕ್ಯೂಮ್ ಹೋಸ್: ಅದೇ ಕಪ್ಪು ರಬ್ಬರ್ ಅಲ್ಲ

ಪೆಟ್ರೋಲ್ ಹೋಸಿಗೆ ಒಳಗಿನಿಂದ ಹೊರಕ್ಕೆ ಒತ್ತಡ. ವ್ಯಾಕ್ಯೂಮ್ ಹೋಸ್ ಒಯ್ಯುವುದು ಎಂಜಿನ್ ಗಾಳಿ ಎಳೆಯುವ ಸೆಳೆತವನ್ನು, ಹಾಗಾಗಿ ಹೊರಗಿನ ಗಾಳಿ ಅದನ್ನು ಹಿಸುಕುತ್ತದೆ. ಇಲ್ಲಿ ಬೇಕಾದ್ದು ಚಪ್ಪಟೆ ಆಗದ ದಪ್ಪ ಗೋಡೆ.

ಹಳೆ ಬಿ-ಸೀರೀಸ್‌ನಲ್ಲಿ ಕಾರ್ಬುರೇಟರ್‌ನಿಂದ ಡಿಸ್ಟ್ರಿಬ್ಯೂಟರಿಗೆ, ಅಂದರೆ ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗಕ್ಕೆ, ಹೋಗುವುದು ತೆಳು ಲೋಹದ ಪೈಪ್. ಅದು ನೆಟ್ಟಗಿದ್ದರೆ ಅದನ್ನೇ ಇಟ್ಟುಕೊಳ್ಳಿ. ತುದಿಯಲ್ಲಿ ರಬ್ಬರ್ ತುಂಡು ಇದ್ದರೆ ಅದನ್ನಷ್ಟೇ ಬದಲಾಯಿಸಿ. ಕಳೆದುಹೋಗಿದ್ದರೆ 3ರಿಂದ 4 ಮಿಲಿಮೀಟರ್ ಒಳ ಅಳತೆಯ ಹೋಸ್ ಸಾಕು. ಇಲ್ಲಿ ಸಿಲಿಕಾನ್ ನಡೆಯುತ್ತದೆ. ಬಿಸಿಗೆ ಬಗ್ಗಲ್ಲ, ವರ್ಷಗಟ್ಟಲೆ ಮೆತ್ತಗೇ ಇರುತ್ತದೆ. ಕಪ್ಪು ಬಣ್ಣದ್ದು ಕೇಳಿ, ದಪ್ಪ ಗೋಡೆಯದ್ದು ಕೇಳಿ. ಇಪಿಡಿಎಂ ರಬ್ಬರ್ ಇನ್ನೂ ಅಗ್ಗ, ಬಿಸಿಲು ಗಾಳಿಗೆ ಬಿರಿಯಲ್ಲ. ಆದರೆ ಅದೇ ಹೋಸನ್ನು ಮಿಕ್ಕಿದೆ ಅಂತ ಪೆಟ್ರೋಲ್‌ಗೆ ಹಾಕಿದರೆ ಹಾಳಾಗಿ ಹೋಗುತ್ತದೆ.

ಎಂಜಿನ್ನಿನ ಉಸಿರಾಟದ ಹೋಸಿಗೆ, ಅಂದರೆ ಎಣ್ಣೆ ಆವಿ ಬರುವ ಬ್ರೀದರ್‌ಗೆ, ಸಿಲಿಕಾನೂ ಬೇಡ ಇಪಿಡಿಎಮ್ಮೂ ಬೇಡ. ಎರಡಕ್ಕೂ ಎಣ್ಣೆ ಆಗಲ್ಲ. ಅಲ್ಲಿ ನೈಟ್ರೈಲ್ ಜಾತಿಯದ್ದೇ ಸರಿ, ಆರ್7 ಚೆನ್ನಾಗಿ ಹೊಂದುತ್ತದೆ.

ಪೆಡಲ್ ಒತ್ತುವ ಶ್ರಮ ಕಡಿಮೆ ಮಾಡುವ ಸರ್ವೊ ಬ್ರೇಕ್ ಇರುವ ಗಾಡಿಯಲ್ಲಿ ಇನ್‌ಲೆಟ್ ಮ್ಯಾನಿಫೋಲ್ಡ್‌ನಿಂದ ಬೂಸ್ಟರಿಗೆ ಹೋಗುವ ದಪ್ಪ ಹೋಸ್ ಇದೆಯಲ್ಲ, ಅದರಲ್ಲಿ ಆಯ್ಕೆಯೇ ಇಲ್ಲ. ವ್ಯಾಕ್ಯೂಮ್ ಬ್ರೇಕಿಗೆಂದೇ ಮಾಡಿದ, ಎಸ್‌ಎಇ ಜೆ1403 ಅಚ್ಚು ಇರುವ ಹೋಸ್ ಹಾಕಿ. ರೇಡಿಯೇಟರ್ ಹೋಸ್, ಗ್ಯಾಸ್ ಹೋಸ್ ಕತ್ತರಿಸಿ ಹಾಕಿದ್ದು ಒಳಗೆ ಹಿಸುಕಿಕೊಂಡರೆ ಪೆಡಲ್ ಕಲ್ಲಾಗುತ್ತದೆ. ಜೊತೆಗೆ ಒನ್-ವೇ ವಾಲ್ವನ್ನೂ ಬದಲಾಯಿಸಿಬಿಡಿ.

ಹೋಸ್ ಕೊಳ್ಳುವ ಮೊದಲು ಡಿಸ್ಟ್ರಿಬ್ಯೂಟರಿನ ಡಯಾಫ್ರಂ, ಅಂದರೆ ವ್ಯಾಕ್ಯೂಮ್ ಸೆಳೆತಕ್ಕೆ ಅಲ್ಲಾಡುವ ತೆಳು ಪೊರೆ, ಪರೀಕ್ಷಿಸಿ. ಮೆಡಿಕಲ್ ಸ್ಟೋರಿನ ದೊಡ್ಡ ಸಿರಿಂಜಿಗೆ ಟ್ಯೂಬ್ ಸಿಕ್ಕಿಸಿ ಎಳೆಯಿರಿ. ಒಳಗಿನ ಪ್ಲೇಟ್ ತಿರುಗಿ ಅಲ್ಲೇ ನಿಲ್ಲಬೇಕು. ನಿಧಾನಕ್ಕೆ ವಾಪಸ್ ಬಂದರೆ ಡಯಾಫ್ರಂ ತೂತಾಗಿದೆ, ಎಷ್ಟು ಒಳ್ಳೆಯ ಹೋಸ್ ಹಾಕಿದರೂ ಪಿಕಪ್ ಬರಲ್ಲ.

ವ್ಯಾಕ್ಯೂಮ್ ಗೇಜ್ ಇಟ್ಟು ನೋಡುವವರಿಗೆ ಒಂದು ಮಾತು. ಪುಸ್ತಕದಲ್ಲಿ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು ಪಾದರಸ ಅಂತ ಇರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಮಂಗಳೂರಿನಲ್ಲಿ 19 ತೋರಿಸುವ ಎಂಜಿನ್, ಸುಮಾರು 3000 ಅಡಿ ಎತ್ತರದ ಬೆಂಗಳೂರಿನಲ್ಲಿ 16ರ ಹತ್ತಿರ ತೋರಿಸಿದರೆ ಲೀಕ್ ಹುಡುಕುತ್ತಾ ಕೂರಬೇಡಿ. ಮುಳ್ಳು ಅಲ್ಲಾಡದೆ ನಿಂತಿದೆಯಾ ಅನ್ನುವುದೇ ಮುಖ್ಯ.

ಯಾರಿಗೆ ಯಾವುದು

ಕೈಯಲ್ಲಿ ದುಡ್ಡು ಕಡಿಮೆ, ಗಾಡಿ ದಿನಾ ಓಡುತ್ತದೆ ಅಂದರೆ: ಹಳೆ ಸ್ಟೀಲ್ ಪೈಪ್ ಪರೀಕ್ಷೆ ಮಾಡಿ ಉಳಿಸಿಕೊಳ್ಳಿ, ಹಾಳಾಗಿದ್ದರೆ ಕಾಪರ್. ರಬ್ಬರ್ ತುಂಡುಗಳು ಮಾತ್ರ ಆರ್9. ಆರ್9 ಸಿಗಲೇ ಇಲ್ಲ ಅಂದರೆ ಅಚ್ಚು ಇರುವ ಆರ್7 ಹಾಕಿ, ಎರಡು ವರ್ಷಕ್ಕೊಮ್ಮೆ ಕಣ್ಣು ಮುಚ್ಚಿ ಬದಲಾಯಿಸಿ.

ಗಾಡಿ ಹೆಚ್ಚು ನಿಲ್ಲುತ್ತದೆ, ಭಾನುವಾರ ಮಾತ್ರ ಹೊರಗೆ ಅನ್ನುವವರು ಕಾಪರ್ ಬಿಟ್ಟು ಕುನಿಫರ್ ಅಥವಾ ಲೇಪ ಇರುವ ಸ್ಟೀಲ್‌ಗೆ ಹೋಗಿ. ನಿಮಗೆ ಆರ್9 ಎಲ್ಲರಿಗಿಂತ ಜಾಸ್ತಿ ಅಗತ್ಯ. ಕರಾವಳಿಯವರು ಕುನಿಫರ್, ದುಡ್ಡು ಮತ್ತು ಒಳ್ಳೆಯ ಕೆಲಸಗಾರ ಎರಡೂ ಇದ್ದರೆ ಸ್ಟೇನ್‌ಲೆಸ್. ಪ್ರದರ್ಶನಕ್ಕೆ, ವಿಂಟೇಜ್ ನಂಬರಿಗೆ ತಯಾರು ಮಾಡುವವರು ಸ್ಟೀಲ್ ಪೈಪ್, ಕಪ್ಪು ಹೋಸ್, ಹಳೆ ಮಾದರಿಯ ಕ್ಲಿಪ್. ಒಳಗಿನ ಪದರ ಯಾವುದು ಅಂತ ಜಡ್ಜ್ ಕತ್ತರಿಸಿ ನೋಡಲ್ಲ.

ಕ್ಲಿಪ್ ಅಂದಾಗ ನೆನಪಾಯಿತು. ತೂತು ತೂತಿನ ಸ್ಕ್ರೂ ಕ್ಲಿಪ್ ಸಣ್ಣ ಹೋಸನ್ನು ಕೊಯ್ಯುತ್ತದೆ. ಅಂಚು ಮಡಚಿದ, ತೂತಿಲ್ಲದ ಸಣ್ಣ ಕ್ಲಿಪ್ ತನ್ನಿ. ಹೋಸಿನ ಹೊರ ಅಳತೆಗೆ ಸರಿಯಾಗಿರಲಿ. ಅಳತೆಯಲ್ಲೂ ಜಾಗ್ರತೆ ಬೇಕು. ಅಂಬಾಸಿಡರ್ ಇಂಚಿನ ಗಾಡಿ, ಪದ್ಮಿನಿ ಮಿಲಿಮೀಟರಿನದ್ದು. 5/16 ಇಂಚು ಅಂದರೆ 7.94 ಮಿಲಿಮೀಟರ್, ಅದಕ್ಕೆ 8ರ ಹೋಸ್ ಹೊಂದುತ್ತದೆ. 1/4 ಇಂಚು ಅಂದರೆ 6.35, ಅದಕ್ಕೆ 6ರದ್ದು ಬಿಗಿ, 7ರದ್ದು ಸಡಿಲ. ಹೋಗುವ ಮುಂಚೆ ವರ್ನಿಯರ್ ಹಿಡಿಯಿರಿ, ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೊ ತೆಗೆಯಿರಿ. ಮಾರುತಿ 800ರಂಥ ಗಾಡಿಯಲ್ಲಂತೂ ಸಣ್ಣ ಹೋಸ್‌ಗಳಿಗೆ ಚೀಟಿ ಅಂಟಿಸಿ.

ಕೆಲಸ ಮುಗಿದ ಮೇಲೆ ಎಂಜಿನ್ ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಪ್ರತಿ ಜೋಡಣೆಯ ಕೆಳಗೆ ಬಿಳಿ ಟಿಶ್ಯೂ ಹಿಡಿದು ನೋಡಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿ ಇರಲಿ. ಒಂದು ವಾರ ಓಡಿಸಿ ಕ್ಲಿಪ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಹೊಸ ರಬ್ಬರ್ ಸ್ವಲ್ಪ ಕೂರುತ್ತದೆ. ಎಥನಾಲ್ ಟ್ಯಾಂಕಿನ ತಳದ ಹಳೆ ಕೊಳೆಯನ್ನೂ ಕರಗಿಸಿ ತರುತ್ತದೆ. ಹಾಗಾಗಿ ಟ್ಯಾಂಕ್ ಮತ್ತು ಪಂಪಿನ ನಡುವೆ ಒಂದು ಫಿಲ್ಟರ್ ಹಾಕಿ, ಡಿಕ್ಕಿಯಲ್ಲಿ ಇನ್ನೊಂದು ಇಟ್ಟುಕೊಳ್ಳಿ. ಮೊದಲ ಎರಡು ಟ್ಯಾಂಕ್ ಪೆಟ್ರೋಲ್ ಮುಗಿಯುವಷ್ಟರಲ್ಲಿ ಅದು ಬೇಕಾಗಬಹುದು.